ಇಕ್ಕಟ್ಟಿನ ಹಾಲ್, ಹಳೇ ಫೈರ್‌ಪ್ಲೇಸ್: ನಾವು ಮಾಡಿ ನೋಡಿದ ಜೋಡಣೆಗಳು

ಇಂಗ್ಲೆಂಡಿನಲ್ಲಿ ಹಳೇ ಸಾಲುಮನೆ ಕೊಂಡ ಕನ್ನಡದವರು ಒಟ್ಟಿಗೆ ಸೇರಿದರೆ ಮಾತು ಮುಂದಿನ ಹಾಲ್‌ಗೆ ಬಂದೇ ಬರುತ್ತದೆ. ಸೋಫಾ ಎಲ್ಲಿ ಹಾಕೋದು? ಆ ಫೈರ್‌ಪ್ಲೇಸನ್ನು ಏನು ಮಾಡೋದು? ಇವು ಎರಡು ಬೇರೆ ಪ್ರಶ್ನೆ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ನನಗಂತೂ ಒಂದೇ ಅನ್ನಿಸುತ್ತದೆ. ಅಲ್ಲಿ ಬೆಂಕಿ ಉರಿಯುತ್ತದೋ ಇಲ್ಲವೋ ಅನ್ನೋದು ತೀರ್ಮಾನ ಆಗದೆ ಸೋಫಾದ ಜಾಗ ತೀರ್ಮಾನ ಆಗೋದಿಲ್ಲ.

ನಮ್ಮದು ರೆಡಿಂಗ್‌ನಲ್ಲಿರುವ ವಿಕ್ಟೋರಿಯನ್ ಕಾಲದ ಮನೆ. ಕೆಂಪು ಇಟ್ಟಿಗೆ ನಡುವೆ ಬೂದು ಇಟ್ಟಿಗೆಯ ಚಿತ್ತಾರ, ಈ ಊರಿನ ಹಳೇ ಬೀದಿಗಳಲ್ಲಿ ಎಲ್ಲೆಲ್ಲೂ ಕಾಣುತ್ತದಲ್ಲ, ಅದೇ. ಹಾಲ್ 11 ಅಡಿ ಅಗಲ, 12 ಅಡಿ ಉದ್ದ. ಬೀದಿ ಕಡೆ ದೊಡ್ಡ ಕಿಟಕಿ, ಅದರ ಕೆಳಗೆ ರೇಡಿಯೇಟರ್. ಪಕ್ಕದ ಮನೆಗೆ ಅಂಟಿದ ಗೋಡೆಯಲ್ಲಿ ಚಿಮಣಿ. ಅದು 14 ಇಂಚು ಮುಂದಕ್ಕೆ ಚಾಚಿದೆ, ಅದರ ಎರಡೂ ಕಡೆ ಒಂದೊಂದು ಗೂಡು. ಬಾಗಿಲು ಎದುರು ಗೋಡೆಯ ಹಿಂದಿನ ಮೂಲೆಯಲ್ಲಿ.

ಮೊದಲು ನಿಜವಾದ ಬೆಂಕಿಯನ್ನೇ ಹಾಕಿ ನೋಡಿದೆವು. ನಮ್ಮ ಬೀದಿ ಹೊಗೆ ನಿಯಂತ್ರಣ ವಲಯದಲ್ಲಿದೆ. 1952ರ ಲಂಡನ್ ಹೊಗೆ ದುರಂತದ ನಂತರ 1956ರಲ್ಲಿ ಬಂದ ಕಾನೂನಿನಿಂದ ಶುರುವಾದ ಕಟ್ಟುಪಾಡು ಇದು. ಇಂಥ ಕಡೆ ತೆರೆದ ಒಲೆಯಲ್ಲಿ ಸೌದೆ ಉರಿಸುವ ಹಾಗಿಲ್ಲ, ಒಪ್ಪಿಗೆ ಪಡೆದ ಹೊಗೆ ಬಾರದ ಇಂಧನ ಮಾತ್ರ. ಚಿಮಣಿ ಗುಡಿಸುವವರನ್ನು ಕರೆಸಿ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿ ಹಚ್ಚಿದೆವು. ಕೆಂಡ ನೋಡೋಕೆ ಎಷ್ಟು ಚೆನ್ನ! ಮಲೆನಾಡಿನಿಂದ ಬಂದಿದ್ದ ನಮ್ಮತ್ತೆ ಅದರ ಮುಂದಿನಿಂದ ಏಳಲೇ ಇಲ್ಲ. ಆದರೆ ಮೊಣಕಾಲು ಸುಡುತ್ತದೆ, ಬೆನ್ನು ತಣ್ಣಗೇ ಇರುತ್ತದೆ. ಬಿಸಿಯಲ್ಲಿ ಬಹುಪಾಲು ಚಿಮಣಿ ಪಾಲು. ಅದು ಮೇಲಕ್ಕೆ ಎಳೆದುಕೊಂಡಷ್ಟೂ ಬಾಗಿಲ ಸಂದಿಯಿಂದ ಹೊರಗಿನ ತಣ್ಣನೆ ಗಾಳಿ ಒಳಗೆ ಬರುತ್ತದೆ. ಬೆಳಿಗ್ಗೆ ಎದ್ದರೆ ಬೂದಿ ಬಾಚುವ ಕೆಲಸ ಬೇರೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ಜಾಗದ್ದು. ಬೆಂಕಿಯಿಂದ ಸೋಫಾ, ಪರದೆ, ಬಟ್ಟೆ ಎಲ್ಲ ಕನಿಷ್ಠ 1 ಮೀಟರ್ ದೂರ ಇರಬೇಕು. ಈಗ ಲೆಕ್ಕ ಹಾಕಿ. 11 ಅಡಿಯಲ್ಲಿ ಚಿಮಣಿಯ 14 ಇಂಚು ಕಳೆಯಿರಿ, ಸೋಫಾದ 3 ಅಡಿ ಕಳೆಯಿರಿ. ಉಳಿಯೋದು 7 ಅಡಿಗೂ ಕಡಿಮೆ. ಅದರಲ್ಲಿ ಅರ್ಧ ಬೆಂಕಿಗೆ ಮೀಸಲು. ಮಿಕ್ಕ ಅರ್ಧದಲ್ಲೇ ಕಾಲು ಚಾಚಬೇಕು, ಟೀಪಾಯಿ ಇಡಬೇಕು, ಮಗು ಆಡಬೇಕು. ಆಗದ ಮಾತು.

ಆಮೇಲೆ ಸ್ನೇಹಿತರೊಬ್ಬರ ಮನೆಯಿಂದ ಒಲೆಯ ಆಕಾರದ ಎಲೆಕ್ಟ್ರಿಕ್ ಹೀಟರ್ ತಂದು ಫೈರ್‌ಪ್ಲೇಸಿನ ಒಳಗೇ ಇಟ್ಟೆವು. ಹೊಗೆ ಇಲ್ಲ, ಬೂದಿ ಇಲ್ಲ. ಬಿಸಿ ಬೇಡ ಅಂದರೆ ಜ್ವಾಲೆಯ ಬೆಳಕು ಮಾತ್ರ ಉರಿಸಬಹುದು. ಆದರೆ ಪೂರ್ತಿ 2 ಕಿಲೋವ್ಯಾಟ್‌ಗೆ ಹಾಕಿದರೆ ಗಂಟೆಗೆ 2 ಯೂನಿಟ್. ಇಲ್ಲಿ ಗ್ಯಾಸ್ ಯೂನಿಟ್‌ಗಿಂತ ಕರೆಂಟ್ ಯೂನಿಟ್ ಮೂರು ನಾಲ್ಕು ಪಟ್ಟು ದುಬಾರಿ, ಅಲ್ವಾ? ಗ್ಯಾಸ್‌ನಿಂದ ಬಿಸಿಯಾಗುವ ರೇಡಿಯೇಟರ್ ಇದ್ದೂ ಇದನ್ನು ಉರಿಸೋದು ನನಗೆ ಸರಿ ಕಾಣಲಿಲ್ಲ. ಬಿಸಿ ಹಾಕಿದಾಗ ಅದೇ 1 ಮೀಟರ್ ಬಿಡಲೇಬೇಕು. ಬಾಡಿಗೆ ಮನೆಯವರಿಗೆ ಮಾತ್ರ ಇದಕ್ಕಿಂತ ಒಳ್ಳೇದಿಲ್ಲ. ಗೋಡೆ ಮುಟ್ಟೋದು ಬೇಡ, ಮನೆ ಬಿಡುವಾಗ ಜೊತೆಗೇ ಒಯ್ಯಬಹುದು.

ಬಾಗಿಲು ಮುಚ್ಚಿ ಉರಿಸುವ ಸೌದೆ ಸ್ಟೋವ್ ಹಾಕಿಸುವುದನ್ನು ವಿಚಾರಿಸಿ ಅಲ್ಲಿಗೇ ಬಿಟ್ಟೆವು. ಇಷ್ಟು ಚಿಕ್ಕ ಹಾಲ್‌ಗೆ ಅದರ ಬಿಸಿ ತೀರಾ ಜಾಸ್ತಿ, ಖರ್ಚೂ ಹಾಗೇ.

ಕೊನೆಗೆ ನಾವು ಉಳಿಸಿಕೊಂಡಿದ್ದು ಬೆಂಕಿಯೇ ಇಲ್ಲದ ಫೈರ್‌ಪ್ಲೇಸ್. ಚಿಮಣಿಯ ಗಂಟಲಿಗೆ ಕುರಿ ಉಣ್ಣೆಯ ದಪ್ಪ ಬಿರಡೆ ತುರುಕಿದೆವು. ಇದು ಇಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಗಾಳಿ ಹೊಡೆಯೋದು ನಿಂತಿತು. ಆದರೂ ಉಣ್ಣೆಯ ಮೂಲಕ ಸ್ವಲ್ಪ ಉಸಿರಾಡುವುದರಿಂದ ಚಿಮಣಿಯಲ್ಲಿ ತೇವ ಕಟ್ಟೋದಿಲ್ಲ. ಮುಂದೆ ಯಾರಾದರೂ ಬೆಂಕಿ ಹಚ್ಚುವುದಾದರೆ ಅದನ್ನು ತೆಗೆಯಲೇಬೇಕು, ಹಾಗಾಗಿ ಅದರ ಹಿಡಿ ಹೊರಗೆ ಕಾಣುವ ಹಾಗೆ ಬಿಟ್ಟಿದ್ದೇವೆ.

ನಿಜವಾದ ಸಂತೋಷ ಸಿಕ್ಕಿದ್ದು ಫೈರ್‌ಪ್ಲೇಸನ್ನು ಹೊಸದು ಮಾಡುವ ಕೆಲಸದಲ್ಲಿ. ಹಿಂದಿನವರು ಇಡೀ ಫೈರ್‌ಪ್ಲೇಸಿಗೆ ಬಿಳಿ ಪೇಂಟ್ ಬಳಿದಿದ್ದರು. ಹಳೇ ಪೇಂಟಿನಲ್ಲಿ ಸೀಸ ಇರಬಹುದು, ಆದ್ದರಿಂದ ಒಣ ಮರಳು ಕಾಗದ ಹಾಕಿ ಉಜ್ಜಲೇಬಾರದು. ಪೇಂಟ್ ಕರಗಿಸುವ ಪೇಸ್ಟ್ ದಪ್ಪಗೆ ಹಚ್ಚಿ, ಮೃದುವಾದ ಮೇಲೆ ಮರದ ಚಕ್ಕೆಯಲ್ಲಿ ನಿಧಾನಕ್ಕೆ ಎತ್ತಿದೆವು. ಮಾವಿನ ಹಣ್ಣಿನ ಸಿಪ್ಪೆಯ ಹಾಗೆ ಸುರುಳಿಯಾಗಿ ಬಂತು. ಅಡಿಯಲ್ಲಿ ಎರಡೂ ಬದಿಗೆ ಐದೈದು ಟೈಲ್ಸ್, ಗಾಢ ಹಸಿರು, ಮೇಲೆ ಉಬ್ಬು ಹೂವು. ನೂರು ವರ್ಷ ದಾಟಿದ ಹೊಳಪು ಇನ್ನೂ ಹಾಗೇ ಇತ್ತು!

ಬೀಡು ಕಬ್ಬಿಣದ ಚೌಕಟ್ಟಿಗೆ ಎರಡು ದಾರಿ ಇವೆ. ಮಹಡಿಯ ಕೋಣೆಯ ಪುಟ್ಟ ಫೈರ್‌ಪ್ಲೇಸಿಗೆ ಬಿಸಿ ತಡೆಯುವ ಕಪ್ಪು ಪೇಂಟ್ ಹೊಡೆದೆವು. ಬೇಗ ಮುಗಿಯಿತು, ಕೈಗೆ ಅಂಟೋದಿಲ್ಲ, ಆದರೆ ಎರಕದ ಸಣ್ಣ ಬಳ್ಳಿಗಳೆಲ್ಲ ಮಂಕಾದವು. ಕೆಳಗೆ ಗ್ರಾಫೈಟ್ ಪಾಲಿಶ್ ಹಾಕಿದೆವು. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಸಂದಿಗೊಂದಿಗೆ ಹಚ್ಚಿ, ಒಣಗಲು ಬಿಟ್ಟು, ಶೂ ಬ್ರಷ್‌ನಲ್ಲಿ ತಿಕ್ಕಬೇಕು. ತಿಕ್ಕಿದಷ್ಟೂ ಬೆಳ್ಳಿ ಛಾಯೆ ಏಳುತ್ತದೆ, ಪ್ರತಿ ಎಲೆಯ ನರವೂ ಕಾಣುತ್ತದೆ. ಮುಟ್ಟಿದರೆ ಕೈ ಕಪ್ಪಾಗುತ್ತದೆ, ನಿಜ. ಆದರೂ ನನ್ನ ಓಟು ಪಾಲಿಶ್‌ಗೇ.

ಬೆಂಕಿಯ ವಿಷಯ ಇತ್ಯರ್ಥವಾದ ಮೇಲೆ ಸೋಫಾ ಸುಲಭವಾಯಿತು. ಕಿಟಕಿಗೆ ಬೆನ್ನು ಮಾಡಿ ಹಾಕಿದರೆ ನೋಡೋಕೆ ಚೆಂದ, ಆದರೆ ರೇಡಿಯೇಟರ್ ಬಿಸಿಯನ್ನೆಲ್ಲ ಸೋಫಾದ ಬೆನ್ನೇ ತಿನ್ನುತ್ತದೆ. ಫೈರ್‌ಪ್ಲೇಸಿನ ಎರಡು ಪಕ್ಕಕ್ಕೆ ಇಬ್ಬರು ಕೂರುವ ಎರಡು ಸೋಫಾ ಎದುರುಬದುರು ಹಾಕಿದರೆ ಹರಟೆಗೆ ಹೇಳಿ ಮಾಡಿಸಿದ ಹಾಗೆ. ಟಿವಿ ನೋಡೋಕೆ ಮಾತ್ರ ಕತ್ತು ತಿರುಗಿಸಬೇಕು. ಫೈರ್‌ಪ್ಲೇಸಿನ ಮೇಲೆ ಟಿವಿ ಏರಿಸೋದು ಬೇಡವೇ ಬೇಡ, ಅಷ್ಟು ಎತ್ತರ ನೋಡಿ ಕತ್ತು ಹಿಡಿಯುತ್ತದೆ. ನಮ್ಮದು ಎಡ ಗೂಡಿನಲ್ಲಿದೆ, ಬಲ ಗೂಡಿನಲ್ಲಿ ದೇವರು.

ದಿನನಿತ್ಯಕ್ಕೆ ಗೆದ್ದಿದ್ದು ಎದುರು ಗೋಡೆ. ಅಲ್ಲಿ ಒಂದು ಚಿಕ್ಕ ಸೋಫಾ, ಫೈರ್‌ಪ್ಲೇಸ್ ಪಕ್ಕ ಒಂದು ಬೆತ್ತದ ಕುರ್ಚಿ, ನಡುವೆ ಜಮಖಾನ. 1 ಮೀಟರ್ ಬಿಡುವ ಗೋಜಿಲ್ಲವಾದ್ದರಿಂದ ನಡು ಜಾಗವೆಲ್ಲ ಮಗಳದ್ದು. ನೆಂಟರು ಬಂದರೆ ಇನ್ನೊಂದು ಕೋಣೆಯ ಸೋಫಾ ತಂದು ಎದುರುಬದುರು ಮಾಡುತ್ತೇವೆ. ನವರಾತ್ರಿಗೂ ಹಾಗೇ. ಆಗ ಗೊಂಬೆಗಳ ಮೆಟ್ಟಿಲು ಫೈರ್‌ಪ್ಲೇಸಿನ ಮುಂದೆಯೇ ಏಳುತ್ತದೆ. ಪಟ್ಟದ ಗೊಂಬೆಗಳು ಮೇಲಿನ ಹಲಗೆಯ ಮೇಲೆ, ಅದರ ಕೆಳಗೆ ಬಿಳಿ ಪಂಚೆ ಹೊದಿಸಿದ ಮೆಟ್ಟಿಲುಗಳು, ಬದಿಯಲ್ಲಿ ಹಸಿರು ಟೈಲ್ಸ್. ಬೆಂಕಿ ಇದ್ದಿದ್ದರೆ ಅಲ್ಲಿ ಬಟ್ಟೆ ಹಾಸೋಕೆ ಆಗುತ್ತಿತ್ತಾ?

ಇಂಥ ಮನೆಗೆ ಸೋಫಾ ಕೊಳ್ಳುವ ಮುಂಚೆ ಹಾಲ್ ಜೊತೆಗೆ ಮುಂಬಾಗಿಲು, ಒಳಗಿನ ಪ್ಯಾಸೇಜ್, ಅಲ್ಲಿನ ತಿರುವು ಎಲ್ಲ ಅಳೆದುಕೊಳ್ಳಿ. ಈ ಸಾಲುಮನೆಗಳ ಪ್ಯಾಸೇಜ್ ತುಂಬಾ ಕಿರಿದು. ಕಾಲು ಬಿಚ್ಚಲು ಬರುವ ಸೋಫಾ ಇದ್ದರೆ ಅದನ್ನೇ ಕೊಳ್ಳಿ.