ಚಾನೊ ಪೊಸೊ ನುಡಿಸಿದ ಕಾಂಗಾ ಎಂದರೆ ಹಣ ಕೊಡಬೇಡಿ

ನ್ಯೂಜೆರ್ಸಿಯಲ್ಲಿ ಹಳೆಯ ವಾದ್ಯಗಳನ್ನು ಮಾರುವ ವ್ಯಕ್ತಿಯೊಬ್ಬರು ಕ್ಯೂಬಾದ ಹೆಸರಾಂತ ತಾಳವಾದ್ಯಗಾರ ಚಾನೊ ಪೊಸೊ ನುಡಿಸಿದ ಕಾಂಗಾ (ಕೈಯಿಂದ ಬಡಿಯುವ ಎತ್ತರದ ಚರ್ಮವಾದ್ಯ) ಎಂದು ಬೇರೊಂದನ್ನು ಮಾರಿ ನನಗೆ 4,200 ಡಾಲರ್ ಮೋಸ ಮಾಡಿದ್ದಾರೆ. ನನಗೆ ತೋರಿಸಿದ ಚಾನೊ ಅವರ ಫೋಟೋವನ್ನೇ ಮೊನ್ನೆ ನನ್ನ ಗೆಳೆಯರೊಬ್ಬರಿಗೂ ತೋರಿಸಿ, ಇನ್ನೊಂದು ಕಾಂಗಾವನ್ನು ಚಾನೊ ಪೊಸೊ ಅವರದೆಂದೇ ಹೇಳಿದರೆಂದು ತಿಳಿದ ಮೇಲೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

1947ರ ಸೆಪ್ಟೆಂಬರ್ 29ರಂದು ಜಾಸ್ ಸಂಗೀತಗಾರ ಡಿಜ್ಜಿ ಗಿಲೆಸ್ಪಿಯವರ ತಂಡದೊಡನೆ ಚಾನೊ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ್ದು ಇದೇ ವಾದ್ಯವನ್ನು ಎಂದು ಮಾರಿದವರು ನನಗೆ ಹೇಳಿದರು. ಆ ಕಛೇರಿ ನಡೆದದ್ದು ನಿಜ. ಕ್ಯೂಬಾದ ಹವಾನಾದಿಂದ ಬಂದ ಆ ಮಹಾ ಕಲಾವಿದರು ಮರುವರ್ಷವೇ, ತಮ್ಮ 33ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನದೇ ಹಾರ್ಲೆಮ್‌ನ ಬಾರೊಂದರಲ್ಲಿ ಗುಂಡೇಟಿಗೆ ಬಲಿಯಾದದ್ದೂ ನಿಜ. ಇದನ್ನೆಲ್ಲ ಒಂದೂ ತಪ್ಪದಂತೆ ಹೇಳಿದ್ದರಿಂದಲೇ ವಾದ್ಯದ ಬಗೆಗಿನ ಅವರ ಮಾತನ್ನೂ ನಂಬಿದೆ.

ವಾದ್ಯದ ಬಾಯಿಗೆ ಲೋಹದ ಬಳೆಯೂ ಶ್ರುತಿ ಹೊಂದಿಸುವ ತಿರುಪುಗಳೂ ಇದ್ದವು. ಆದರೆ ಚಾನೊ ಕಾಲದ ಕಾಂಗಾಗಳಿಗೆ ಚರ್ಮವನ್ನು ಮೊಳೆ ಹೊಡೆದು ಕೂರಿಸುತ್ತಿದ್ದರು. ಶ್ರುತಿ ಏರಿಸಲು, ನಮ್ಮೂರ ಜಾತ್ರೆಯಲ್ಲಿ ತಮಟೆ ಕಾಯಿಸುವಂತೆಯೇ, ಬೆಂಕಿಗೆ ಹಿಡಿಯುತ್ತಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಕೇಳಿದೆ. "ತಿರುಪುಗಳನ್ನು ಆಮೇಲಿನ ಒಡೆಯರು ಹಾಕಿಸಿದ್ದು, ಒಡಲು ಮಾತ್ರ ಅದೇ" ಎಂದರು. ಒಪ್ಪಿಕೊಂಡುಬಿಟ್ಟೆ. ಆ ಫೋಟೋದಲ್ಲಿದ್ದವರು ಚಾನೊ ಅವರೇ. ಆದರೆ ಅದರಲ್ಲಿದ್ದ ಕಾಂಗಾ ಇದೇ ಎಂಬುದಕ್ಕೆ ಏನು ಆಧಾರವೆಂದು ನಾನು ಕೇಳಲೇ ಇಲ್ಲ.

ಮನೆಯಲ್ಲಿ ಚರ್ಮ ಬದಲಿಸಲು ತಿರುಪು ಬಿಚ್ಚಿ ಒಳಗೆ ಟಾರ್ಚ್ ಹಿಡಿದಾಗ, ಮರದ ಪಟ್ಟಿಗಳನ್ನು ಕೂಡಿಸಿದ ಗೆರೆಗಳು ಇರಬೇಕಾದ ಕಡೆ ದಪ್ಪ ಬಣ್ಣದಡಿ ಗಾಜಿನ ಎಳೆಗಳ ಹೆಣಿಗೆ ಕಂಡಿತು. ಫೈಬರ್‌ಗ್ಲಾಸ್! ಅಂಥ ಕಾಂಗಾಗಳು ಬಳಕೆಗೆ ಬಂದದ್ದು ಚಾನೊ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಬಿಚ್ಚಿದ ಚರ್ಮವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೆಲದ ಮೇಲೆಯೇ ಕುಳಿತಿದ್ದೆ.

ಫೋನ್ ಮಾಡಿದರೆ, ಬಿರುಕು ಬಿಟ್ಟ ಮರಕ್ಕೆ ಒಳಗಿನಿಂದ ಲೇಪ ಹಾಕಿಸಿದ್ದೆಂದರು. ಬುಡದ ಅಂಚನ್ನು ಕೆರೆದು, ಮರದ ಚೂರೂ ಇಲ್ಲವೆಂಬುದಕ್ಕೆ ಚಿತ್ರ ಕಳಿಸಿದೆ. ಆಗ ಮಾತೇ ಬದಲಾಯಿತು: "ಚಾನೊ ನುಡಿಸಿದ್ದು ಎಂದು ನಾನು ಹೇಳಿಲ್ಲ, ಹಾಗೆಂದು ಹೇಳುತ್ತಾರೆ ಎಂದಿದ್ದೆ, ರಸೀದಿ ನೋಡಿ." ರಸೀದಿಯಲ್ಲಿದ್ದದ್ದು 'ಹಳೆಯ ಕಾಂಗಾ ಒಂದು, ಇದ್ದ ಸ್ಥಿತಿಯಲ್ಲಿ' ಎಂದಷ್ಟೇ, ಚಾನೊ ಹೆಸರು ಎಲ್ಲಿಯೂ ಇರಲಿಲ್ಲ. ಕೊನೆಗೆ ಅವರು ಆಡಿದ ಮಾತು ಇನ್ನೂ ಚುಚ್ಚುತ್ತಿದೆ: "ನೀವೇ ಮೃದಂಗ ಕಲಿತವರು, ನೋಡಿಯೇ ತಾನೇ ಕೊಂಡದ್ದು?" ಅದಾದ ಮೇಲೆ ಅವರು ಫೋನ್ ಎತ್ತಿಲ್ಲ.

ನುಡಿಸಿದವರ ಹೆಸರನ್ನು ರಸೀದಿಯಲ್ಲಿ ಬರೆದುಕೊಡದವರಿಗೆ ಒಂದು ಡಾಲರನ್ನೂ ಕೊಡಬೇಡಿ. ಚರ್ಮ ಬಿಚ್ಚಿಸಿ ಒಳಗೆ ನೋಡುವ ಮುನ್ನ ಕೊಡಬೇಡಿ. ನಾನು ಮಾಡಿದಂತೆ ಬ್ಯಾಂಕ್ ಖಾತೆಯಿಂದ ನೇರವಾಗಿ ಕಳಿಸಲೇಬೇಡಿ. ಆ ಹಣವನ್ನು ಹಿಂದಕ್ಕೆ ತರಿಸಿಕೊಡಲು ಆಗದೆಂದು ಬ್ಯಾಂಕಿನವರು ನಿನ್ನೆ ತಿಳಿಸಿದ್ದಾರೆ.