ಕಾಸರಗೋಡಿನಿಂದ ಹಂಪನಕಟ್ಟೆಗೆ: ಬಸ್ಸು, ಕಾರು, ರೈಲು ಮತ್ತು ಒಂದು ಹರಿದ ಕ್ಯಾಲೆಂಡರ್

ಮನೆ ಕಾಸರಗೋಡಿನ ವಿದ್ಯಾನಗರದಲ್ಲಿ, ಕೆಲಸ ಮಂಗಳೂರಿನ ಹಂಪನಕಟ್ಟೆಯಲ್ಲಿ. ಮೊದಲು ವಾರಕ್ಕೆ ಒಂದೆರಡು ಸಲ ಹೋದರೆ ಸಾಕಿತ್ತು, ಈಗ ದಿನಾ ಹೋಗಬೇಕು. ಹೇಗೆ ಹೋಗುವುದು ಅಂತ ಕೇಳಿದರೆ ಒಬ್ಬೊಬ್ಬರದ್ದು ಒಂದೊಂದು ಮಾತು. ಅದಕ್ಕೆ ನಾನೇ ನೋಡಿಬಿಡೋಣ ಅಂತ ಜೂನ್ ತಿಂಗಳು ಬಸ್ಸು, ಜುಲೈ ಕಾರು, ಆಗಸ್ಟ್ ರೈಲು ಅಂತ ಹಂಚಿಕೊಂಡೆ. ಅಡುಗೆಮನೆಯ ಕ್ಯಾಲೆಂಡರಿನಿಂದ ಹರಿದ ಪುಟಗಳ ಹಿಂದೆ ಮೂರು ಸಂಗತಿ ಬರೆದಿಟ್ಟೆ: ಗೇಟು ಹಾಕಿದ ಹೊತ್ತು, ಆಫೀಸಿನ ಕುರ್ಚಿಯಲ್ಲಿ ಕೂತ ಹೊತ್ತು, ಹೋದ ದುಡ್ಡು. "ನಿಮಗೆಂತ ಮರುಳಾ?" ಅಂದಳು ಹೆಂಡತಿ. ಇರಬಹುದು.

ಬಸ್ಸಿನದ್ದು ಬೇಗ ಹೇಳಿ ಮುಗಿಸುತ್ತೇನೆ. ಈ ದಾರಿಯಲ್ಲಿ ಕೇರಳದ್ದೂ ಕರ್ನಾಟಕದ್ದೂ ಕೆಎಸ್ಸಾರ್ಟಿಸಿ ಓಡುತ್ತವೆ. ಹೆಸರು ಯಾರದ್ದು ಅಂತ ಅವರು ಜಗಳ ಆಡಿದರೂ ನಮಗೆ ಮೊದಲು ಬಂದದ್ದೇ ನಮ್ಮದು. ಬಸ್ಸಿನ ದೊಡ್ಡ ಗುಣ ಅಂದರೆ ಅದು ಇರುತ್ತದೆ. ಒಂದು ತಪ್ಪಿದರೆ ಇನ್ನೊಂದು ಬರುತ್ತದೆ, ಟೈಮ್ ಟೇಬಲ್ ನೋಡುವ ಕೆಲಸವೇ ಇಲ್ಲ. ಆದರೆ ಹೊಸ ಆರು ಪಥದ ರಸ್ತೆ ಬಂದ ಮೇಲೆ ಒಂದು ವಿಚಿತ್ರ ಆಗಿದೆ. ಗಡಿಯ ತಲಪಾಡಿಯಿಂದ ಕಾಸರಗೋಡಿನಾಚೆಯ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿ ಈಗ ನುಣ್ಣಗಿದೆ, ಹೌದು. ಆದರೆ ಆ ನುಣುಪು ಸಿಗುವುದು ನಡುವಿನ ಪಥದಲ್ಲಿ ಹೋಗುವವರಿಗೆ. ಜನ ಹತ್ತುವುದು ಇಳಿಯುವುದು ಸರ್ವಿಸ್ ರಸ್ತೆಯಲ್ಲಿ, ಹಾಗಾಗಿ ನಿಲ್ಲಿಸಿ ನಿಲ್ಲಿಸಿ ಹೋಗುವ ಬಸ್ಸಿಗೆ ಆ ಇಕ್ಕಟ್ಟೇ ಗತಿ. ರಸ್ತೆಗೆ ಸುರಿದ ದುಡ್ಡಿನ ಲಾಭ ಕಾರಿಗೆ ಹೆಚ್ಚು ಹೋಯಿತು, ಬಸ್ಸಿಗೆ ಕಡಿಮೆ. ಗೇಟಿನಿಂದ ಕುರ್ಚಿಗೆ ನನ್ನ ಜೂನ್ ತಿಂಗಳ ಸರಾಸರಿ ಎರಡು ಗಂಟೆ ಹತ್ತು ನಿಮಿಷ. ಮಳೆಗೆ ಶಟರ್ ಎಳೆದ ಬಸ್ಸಿನೊಳಗೆ ಒದ್ದೆ ಕೊಡೆಗಳ ನೀರು ಚಪ್ಪಲಿಗೆ ಇಳಿಯುತ್ತಿರುತ್ತದೆ. ಹೊರಗೆ ಕುಂಬಳೆಯೋ ಉಪ್ಪಳವೋ ಗೊತ್ತಾಗುವುದಿಲ್ಲ.

ಜುಲೈಯಲ್ಲಿ ಕಾರು. ಮೊದಲ ವಾರ ನಾನು ಸೋತೇಹೋದೆ ಅನ್ನಬೇಕು. ಮೊಗ್ರಾಲು, ಕುಂಬಳೆ, ಬಂದ್ಯೋಡು, ಉಪ್ಪಳ, ಹೊಸಂಗಡಿ ಎಲ್ಲ ಬರೀ ಬೋರ್ಡುಗಳಾಗಿ ಪಕ್ಕಕ್ಕೆ ಸರಿಯುತ್ತವೆ. ಮೊದಲು ಒಂದೊಂದು ಪೇಟೆಯಲ್ಲೂ ಹಾರ್ನ್ ಒತ್ತಿ ಒತ್ತಿ ಹೆಬ್ಬೆರಳು ನೋಯುತ್ತಿದ್ದ ದಾರಿ ಇದು. ತಲಪಾಡಿ ದಾಟಿದ ಮೇಲೆ ಪೆಟ್ರೋಲ್ ಹಾಕಿಸುವುದು ನಮ್ಮ ಕಡೆಯವರ ಹಳೆ ಅಭ್ಯಾಸ. ಕರ್ನಾಟಕದಲ್ಲಿ ಲೀಟರಿಗೆ ಒಂದಿಷ್ಟು ರೂಪಾಯಿ ಕಡಿಮೆ. ಆ ಉಳಿತಾಯವನ್ನು ಅಲ್ಲೇ ಇರುವ ಟೋಲ್‌ಗೇಟ್ ವಾಪಸ್ ತೆಗೆದುಕೊಳ್ಳುತ್ತದೆ, ಅದು ಬೇರೆ ಮಾತು.

ಸುಖ ಎಲ್ಲ ತೊಕ್ಕೊಟ್ಟಿನವರೆಗೆ. ಅಲ್ಲಿಂದ ನೇತ್ರಾವತಿ ಸೇತುವೆ, ಪಂಪ್‌ವೆಲ್, ಕಂಕನಾಡಿ, ಜ್ಯೋತಿ. ವರ್ಷಗಟ್ಟಲೆ ಜೋಕಿನ ವಸ್ತುವಾಗಿದ್ದ ಪಂಪ್‌ವೆಲ್ ಫ್ಲೈಓವರ್ 2020ರಲ್ಲಿ ಕೊನೆಗೂ ತೆರೆಯಿತು. ಆದರೆ ನಗರದೊಳಗೆ ಹೋಗುವವನು ಅದರ ಕೆಳಗೇ ಸುತ್ತಬೇಕು. ಹೊಸ ಹೆದ್ದಾರಿಯಲ್ಲಿ ಉಳಿಸಿದ ಹೊತ್ತನ್ನು ಕೊನೆಯ ಕೆಲವು ಕಿಲೋಮೀಟರಿನಲ್ಲಿ ಕಳೆದೆ. ಪಾರ್ಕಿಂಗ್ ಹುಡುಕುವುದಕ್ಕೆ ಇನ್ನೂ ಹದಿನೈದು ನಿಮಿಷ. ಸರಾಸರಿ ಒಂದು ಗಂಟೆ ಇಪ್ಪತ್ತೈದು ನಿಮಿಷ. ಮೂರರಲ್ಲಿ ಇದೇ ಬೇಗ, ಒಪ್ಪಿಕೊಳ್ಳುತ್ತೇನೆ. ಹೋಗಿ ಬರಲು ನೂರು ಕಿಲೋಮೀಟರ್, ನನ್ನ ಹಳೆ ಗಾಡಿಗೆ ದಿನಕ್ಕೆ ಆರು ಲೀಟರಿಗಿಂತ ಜಾಸ್ತಿ ಬೇಕು. ಮೇಲೆ ಟೋಲು, ಪಾರ್ಕಿಂಗು. ತಿಂಗಳ ಕೊನೆಗೆ ಕ್ಯಾಲೆಂಡರಿನ ಹಿಂದಿನ ಮೊತ್ತ ನೋಡಿ ಹೆಂಡತಿ ಏನೂ ಹೇಳಲಿಲ್ಲ. ಅದೇ ಹೆದರಿಕೆ.

ಇನ್ನು ರೈಲು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ನಮ್ಮ ಕಡೆಯಿಂದಲೇ, ಅಂದರೆ ಕೇರಳದ ಕರಾವಳಿಯಿಂದ. ಆಗ ಎರಡೂ ಊರು ಒಂದೇ ಜಿಲ್ಲೆಯಲ್ಲಿದ್ದವು. 1956ರಲ್ಲಿ ರಾಜ್ಯ ಎರಡಾಯಿತು, ಹಳಿ ಎರಡಾಗಲಿಲ್ಲ. ಈಗಲೂ ಕಾಸರಗೋಡು ಸ್ಟೇಷನ್ನೂ ಮಂಗಳೂರು ಸೆಂಟ್ರಲ್ಲೂ ದಕ್ಷಿಣ ರೈಲ್ವೆಯ ಪಾಲಕ್ಕಾಡು ವಿಭಾಗದ ಕೆಳಗೇ ಇವೆ. ಬಸ್ಸು ಗಡಿ ದಾಟಲು ಎರಡು ಸರ್ಕಾರ ಕೂತು ಒಪ್ಪಂದ ಮಾಡಿಕೊಳ್ಳಬೇಕು, ರೈಲಿಗೆ ಆ ತಾಪತ್ರಯ ಇಲ್ಲ. ಸುಮಾರು 46 ಕಿಲೋಮೀಟರ್ ದಾರಿ, ಜೋಡಿ ಹಳಿ, ಮೇಲೆ ವಿದ್ಯುತ್ ತಂತಿ. ಎಲ್ಲ ಉಂಟು. ಸೀಸನ್ ಟಿಕೆಟ್ಟಿಗೆ ತಿಂಗಳಿಗೆ ಕೊಟ್ಟದ್ದು ಬಸ್ಸಿನ ಮೂರು ದಿನದ ದುಡ್ಡಿಗಿಂತ ಕಡಿಮೆ. ಮೊದಲ ದಿನ ಕೌಂಟರಿನಲ್ಲಿ "ಇಷ್ಟೇಯಾ?" ಅಂತ ಎರಡು ಸಲ ಕೇಳಿದೆ.

ಬೆಳಿಗ್ಗೆ ಜನರಲ್ ಬೋಗಿಯಲ್ಲಿ ಸೀಟು ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ನರ್ಸಿಂಗ್ ಓದುವ ಮಕ್ಕಳು, ಆಸ್ಪತ್ರೆಗೆ ಫೈಲು ಹಿಡಿದು ಹೊರಟವರು, ಬಟ್ಟೆಯಂಗಡಿಯ ಹುಡುಗಿಯರು, ಮಾಷ್ಟ್ರುಗಳು. ಎದುರಿನ ಚೇಚಿ, ಅಂದರೆ ಅಕ್ಕ, ಮಲಯಾಳದಲ್ಲಿ ಕೇಳುತ್ತಾರೆ, ಪಕ್ಕದವರು ತುಳುವಿನಲ್ಲಿ ಉತ್ತರಿಸುತ್ತಾರೆ, ಬಾಗಿಲ ಹತ್ತಿರ ಇಬ್ಬರು ಬ್ಯಾರಿಯಲ್ಲಿ ನಗುತ್ತಾರೆ, ನಾನು ಕನ್ನಡದಲ್ಲಿ ಜಾಗ ಕೇಳುತ್ತೇನೆ. ಯಾರಿಗೂ ಯಾವುದೂ ಅರ್ಥವಾಗದೆ ಹೋಗುವುದಿಲ್ಲ. ನಿದ್ದೆ ಮಾಡುವವರು ಉಳ್ಳಾಲ ಬಂದರೂ ಏಳುವುದಿಲ್ಲ. ನೇತ್ರಾವತಿ ಸೇತುವೆಗೆ ಗಾಲಿ ಹತ್ತಿ ಸದ್ದು ಬದಲಾಯಿತೋ, ಕಣ್ಣು ಮುಚ್ಚಿಕೊಂಡೇ ಬ್ಯಾಗು ಹೆಗಲಿಗೆ ಹಾಕುತ್ತಾರೆ. ಎರಡನೇ ವಾರದಿಂದ ನಾನೂ ಹಾಗೇ.

ಸ್ಕೂಟರಿನಲ್ಲಿ ಸ್ಟೇಷನ್ನಿಗೆ ಹೋಗಿ ನಿಲ್ಲಿಸುವುದು, ಕಾಯುವುದು, ಸೆಂಟ್ರಲ್‌ನಿಂದ ನಡೆಯುವುದು ಎಲ್ಲ ಸೇರಿ ಒಂದು ಗಂಟೆ ಮೂವತ್ತೈದು ನಿಮಿಷ. ಕಾರಿಗಿಂತ ಹತ್ತೇ ನಿಮಿಷ ಜಾಸ್ತಿ. ಒಂದು ಬೆಳಿಗ್ಗೆ ಮಾತ್ರ ಗಾಡಿ ಮಂಗಳೂರಿನ ಹೊರಗೆ ಮುಕ್ಕಾಲು ಗಂಟೆ ನಿಂತಿತು. ಸ್ಟೇಷನ್ ಕಣ್ಣಿಗೆ ಕಾಣುವಷ್ಟು ಹತ್ತಿರ. ಕೆಲವರು ಹಳಿಗೆ ಹಾರಿ ನಡೆದೇಬಿಟ್ಟರು. ನಾನು ಹಾರಲಿಲ್ಲ, ಮಂಡಿ ಮೊದಲಿನ ಹಾಗಿಲ್ಲ.

ಹಾಗಾದರೆ ರೈಲೇ ಗೆದ್ದಿತಾ? ಬೆಳಿಗ್ಗೆ ಗೆದ್ದಿತು. ಸಂಜೆ ಇನ್ನೊಂದು ಕಥೆ. ನನ್ನ ಆಫೀಸು ಬಿಡುವುದು ಆರಕ್ಕೆ. ಮಲಬಾರ್ ಎಕ್ಸ್‌ಪ್ರೆಸ್ ಮಂಗಳೂರು ಬಿಡುವುದು ಆರೂ ಕಾಲಿಗೆ. ಹಂಪನಕಟ್ಟೆಯಿಂದ ಸೆಂಟ್ರಲ್‌ಗೆ ಬಿರುಸು ನಡಿಗೆಯಲ್ಲಿ ಹತ್ತು ನಿಮಿಷ. ಕೊನೆ ಗಳಿಗೆಯಲ್ಲಿ ಒಬ್ಬ ಗಿರಾಕಿ ಬಂದು "ಒಂದೇ ನಿಮಿಷ ಸಾರ್" ಅಂದರೆ ಗಾಡಿ ಹೋಯಿತು. ಆಮೇಲೆ ನನ್ನಂಥವನಿಗೆ ಊಟದ ಹೊತ್ತಿಗೆ ಮನೆ ಸೇರಿಸುವ ರೈಲಿಲ್ಲ. ಆಗಸ್ಟಿನಲ್ಲಿ ಕೆಲಸಕ್ಕೆ ಹೋದದ್ದು 24 ದಿನ. ಸಂಜೆ ರೈಲು ಸಿಕ್ಕಿದ್ದು 17 ದಿನ. ಉಳಿದ ಏಳು ದಿನ ಮತ್ತೆ ಬಸ್ಸಿನ ಒದ್ದೆ ಕೊಡೆ.

ಮಂಗಳೂರಿನವರು ಯಾಕೆ ಕಾರು, ಬೈಕು ಬಿಡುವುದಿಲ್ಲ ಅಂತ ಭಾಷಣ ಮಾಡುವವರು ಈ ಏಳು ದಿನ ನೋಡಬೇಕು. ತಪ್ಪಿದರೆ ಅರ್ಧ ಗಂಟೆಯಲ್ಲಿ ಇನ್ನೊಂದು ಇದೆ ಅನ್ನುವ ಧೈರ್ಯ ಬಸ್ಸಿಗಿದೆ, ರೈಲಿಗಿಲ್ಲ. ಜನ ಕಾರು ತೆಗೆಯುವುದು ಬೇಗ ತಲುಪಲಿಕ್ಕೆ ಮಾತ್ರ ಅಲ್ಲ ಮಾರಾಯ್ರೆ, ಗಡಿಯಾರ ನೋಡದೆ ಹೊರಡಲಿಕ್ಕೆ.

ನಮಗೆ ಸಿಕ್ಕ ಹೊಸ ರೈಲು ವಂದೇ ಭಾರತ್. ಮೊದಲನೆಯದು 2023ರ ಏಪ್ರಿಲಿನಲ್ಲಿ ತಿರುವನಂತಪುರದಿಂದ ಕಾಸರಗೋಡಿನವರೆಗೆ ಬಂತು. ಎರಡನೆಯದು ಅದೇ ಸೆಪ್ಟೆಂಬರಿನಲ್ಲಿ ಬಂದು, 2024ರಲ್ಲಿ ಮಂಗಳೂರಿಗೂ ವಿಸ್ತರಣೆಯಾಯಿತು. ಒಂದು ಸಲ ಕಣ್ಣೂರಿನಿಂದ ಬರುವಾಗ ಹತ್ತಿದ್ದೆ. ಚಂದ ಉಂಟು, ತಂಪು ಉಂಟು. ಆದರೆ ಮಂಗಳೂರಿಗೆ ಹೋಗುವದ್ದು ಬೆಳಿಗ್ಗೆ ಮಂಗಳೂರಿನಿಂದ ಹೊರಟು ಮಧ್ಯರಾತ್ರಿ ದಾಟಿ ವಾಪಸ್ ಬರುತ್ತದೆ. ಹಂಪನಕಟ್ಟೆಗೆ ಹೋಗುವವನು ಅದರಲ್ಲಿ ಏನು ಮಾಡುವುದು? ಕುಂಬಳೆ, ಉಪ್ಪಳ, ಮಂಜೇಶ್ವರದಲ್ಲಿ ಅದು ನಿಲ್ಲುವುದೂ ಇಲ್ಲ. ಸೀಸನ್ ಟಿಕೆಟ್ ಅಂತೂ ನಡೆಯುವುದಿಲ್ಲ. ಸರ್ವೆಗೆ ಹಳದಿ ಕಲ್ಲು ಹಾಕಿ ಗಲಾಟೆಯಾದ, ಕೇರಳದ ವೇಗದ ರೈಲಿನ ಸಿಲ್ವರ್‌ಲೈನ್ ಯೋಜನೆಯೂ ಹಾಗೇ. ತಿರುವನಂತಪುರದಿಂದ 529 ಕಿಲೋಮೀಟರ್ ಬಂದು ಕಾಸರಗೋಡಿನಲ್ಲೇ ನಿಲ್ಲುವ ಲೆಕ್ಕವಾಗಿತ್ತು ಅದು. ನಮ್ಮ ದಿನದ ದಾರಿ ಶುರುವಾಗುವುದೇ ಅಲ್ಲಿಂದ.

ಬೋಗಿಯಲ್ಲಿ ದಿನಾ ಕೇಳಿಬರುವ ಬೇಡಿಕೆ ಬಹಳ ಸಣ್ಣದು: ಒಂದು ಮೆಮು. ಮೆಮು ಅಂದರೆ ಎಂಜಿನ್ ಬೇರೆ ಇಲ್ಲದ ವಿದ್ಯುತ್ ಗಾಡಿ, ಕೆಲವು ಬೋಗಿಗಳ ಅಡಿಯಲ್ಲೇ ಮೋಟಾರು. ನಿಂತದ್ದು ಬೇಗ ವೇಗ ಹಿಡಿಯುತ್ತದೆ, ಹಾಗಾಗಿ ಸಣ್ಣ ಸ್ಟೇಷನ್ನುಗಳಲ್ಲೆಲ್ಲ ನಿಂತರೂ ಹೆಚ್ಚು ಹೊತ್ತು ಹಾಳಾಗುವುದಿಲ್ಲ. ಎರಡೂ ತುದಿಯಲ್ಲಿ ಚಾಲಕರ ಕೋಣೆ ಇರುವುದರಿಂದ ಸೆಂಟ್ರಲ್‌ನಂಥ ಕೊನೆ ಸ್ಟೇಷನ್ನಿನಲ್ಲಿ ಎಂಜಿನ್ ಬಿಚ್ಚಿ ಆ ಕಡೆಗೆ ಜೋಡಿಸುವ ಕೆಲಸವೂ ಇಲ್ಲ. ಬಂದದ್ದು ಹಾಗೇ ತಿರುಗಿ ಹೊರಡಬಹುದು. ಹೊಸ ಹಳಿ ಬೇಡ, ಜಾಗ ಬೇಡ. ಸಂಜೆ ಏಳಕ್ಕೊಂದು, ಎಂಟೂವರೆಗೊಂದು ಬಿಟ್ಟರೆ ನನ್ನ ಏಳು ದಿನ ಸರಿಹೋಗುತ್ತದೆ.

ಎಲ್ಲರದ್ದೂ ಸರಿಹೋಗುತ್ತದೆ ಅಂತ ಹೇಳಲಾರೆ. ಉಪ್ಪಳದ ನನ್ನ ಗೆಳೆಯನ ಕೆಲಸ ಮಂಗಳೂರಿನ ಉತ್ತರಕ್ಕಿರುವ ಬೈಕಂಪಾಡಿಯಲ್ಲಿ. ಅವನು ಸೆಂಟ್ರಲ್‌ನಲ್ಲಿ ಇಳಿದು ಮತ್ತೆ ಸಿಟಿ ಬಸ್ ಹಿಡಿಯಬೇಕು. ಹಳಿ ಆ ಕಡೆಗೂ ಹೋಗುತ್ತದೆ, ಆದರೆ ತೋಕೂರು ದಾಟಿದರೆ ಕೊಂಕಣ ರೈಲ್ವೆ. ಪಡೀಲಿನಿಂದ ಪೂರ್ವಕ್ಕೆ ಹೋದರೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ಒಂದೇ ನಗರದ ಸುತ್ತ ಮೂರು ರೈಲ್ವೆ. ಕಾಸರಗೋಡಿನಿಂದ ಸುರತ್ಕಲ್‌ಗೆ, ಉಡುಪಿಗೆ ಒಂದೇ ಗಾಡಿಯಲ್ಲಿ ದಿನಾ ಕೆಲಸಕ್ಕೆ ಹೋಗಿಬರುವ ಹಾಗಾದರೆ ಅವನು ಬೈಕ್ ಬಿಟ್ಟಾನು. ದೇರಳಕಟ್ಟೆಯ ಆಸ್ಪತ್ರೆಗಳಿಗೆ ಹೋಗುವವರಿಗಂತೂ ಹಳಿಯೇ ಇಲ್ಲ. ಅವರಿಗೆ ಕಾರೋ ಬಸ್ಸೋ, ಬೇರೆ ದಾರಿ ನಾನೂ ಕಾಣೆ.

ಸದ್ಯಕ್ಕೆ ನಾನು ಸೀಸನ್ ಮುಂದುವರಿಸಿದ್ದೇನೆ. ಬೆಳಿಗ್ಗೆ ರೈಲು, ಸಂಜೆ ಓಡಿ ಸಿಕ್ಕಿದರೆ ರೈಲು, ಇಲ್ಲವಾದರೆ ಬಸ್ಸು. ಕಾರು ಅಂಗಳದಲ್ಲಿ ನಿಂತು ಮೇಲೆಲ್ಲ ಹಲಸಿನ ಎಲೆ ಬಿದ್ದಿತ್ತು. ಮೊನ್ನೆ ಭಾನುವಾರ ಪಕ್ಕದ ಮನೆಯ ಅಜ್ಜಿಯನ್ನು ದೇರಳಕಟ್ಟೆಗೆ ಕರೆದೊಯ್ಯಲು ಹೊರಟರೆ ಸ್ಟಾರ್ಟೇ ಆಗಲಿಲ್ಲ, ಬ್ಯಾಟರಿ ಡೌನ್. ನಾಲ್ಕು ಜನ ಸೇರಿ ನೂಕಿದೆವು. ಅಜ್ಜಿ ಒಳಗೆ ಕೂತು, "ಬಸ್ಸಿಗೆ ಹೋಗುವನಾ ಮಗ?" ಅಂತ ಕೇಳುತ್ತಲೇ ಇದ್ದರು.