ಕಲಬುರಗಿಯಲ್ಲಿ ನಾಲ್ಕು ಬೇಸಿಗೆ ಕಂಡ ಎಂಎಕ್ಸ್-4 ಥರ್ಮಲ್ ಪೇಸ್ಟ್

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಫ್ಯಾನಿನ ಗಾಳಿಯೂ ಒಲೆಯ ಮುಂದಿನ ಗಾಳಿಯಂತೆಯೇ ಇರುತ್ತದೆ. ಹೊರಗೆ 42 ಡಿಗ್ರಿ, ನನ್ನ ಎಡಿಟಿಂಗ್ ಕೋಣೆಯಲ್ಲಿ 38. ಕಂಪ್ಯೂಟರಿನ ಒಳಗಿನ ಕೂಲರ್ ಎಷ್ಟೇ ದೊಡ್ಡದಿದ್ದರೂ ಅದು ಪ್ರೊಸೆಸರನ್ನು ತಣಿಸುವುದು ಈ ಕೋಣೆಯ ಗಾಳಿಯಿಂದಲೇ. ಹಾಗಾಗಿ ತಂಪು ದೇಶಗಳ ವಿಮರ್ಶಕರು 21 ಡಿಗ್ರಿಯ ಕೋಣೆಯಲ್ಲಿ ಕುಳಿತು ಬರೆದ ಅಂಕಿಗಳನ್ನು ನಂಬಿ ನಾನು ಒಮ್ಮೆ ಮೋಸಹೋಗಿದ್ದೇನೆ. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚಿ ಶಾಖವನ್ನು ದಾಟಿಸುವ ಲೇಪವೇ ಥರ್ಮಲ್ ಪೇಸ್ಟ್; ಅದರ ಬಗ್ಗೆ ಇಲ್ಲಿ ಕೊಟ್ಟಿರುವುದು ನನ್ನ ಮನೆಯಲ್ಲಿ, ನನ್ನ ಕೆಲಸದ ನಡುವೆ, ನಾನೇ ಬರೆದಿಟ್ಟುಕೊಂಡ ಲೆಕ್ಕ.

ಯಂತ್ರವನ್ನು ಜೋಡಿಸಿದ್ದು 2021ರ ನವೆಂಬರ್‌ನಲ್ಲಿ. ಆರು ಕೋರ್‌ಗಳ ರೈಜೆನ್ 5 5600ಎಕ್ಸ್ ಪ್ರೊಸೆಸರ್, ನಾಲ್ಕು ಶಾಖನಳಿಕೆಗಳ ಒಂದು ಸಾಧಾರಣ ಟವರ್ ಕೂಲರ್. ಅಂಗಡಿಯ ಹುಡುಗ ಹೆಸರಿಲ್ಲದ ಡಬ್ಬಿಯಿಂದ ಬೂದು ಬಣ್ಣದ ಪೇಸ್ಟನ್ನು ಧಾರಾಳವಾಗಿ ಹಚ್ಚಿದ. ‘ಪೇಸ್ಟ್ ಯಾವುದಾದರೇನು ಸರ್, ಎಲ್ಲವೂ ಒಂದೇ’ ಎಂದ. ನಾನೂ ಒಪ್ಪಿದೆ.

ಈ ಪ್ರೊಸೆಸರಿಗೆ ಕಾರ್ಖಾನೆಯವರು ಇಟ್ಟ ವಿದ್ಯುತ್ ಮಿತಿ 76 ವಾಟ್. ರಾತ್ರಿಯಿಡೀ ಮದುವೆ ವಿಡಿಯೊಗಳ ರೆಂಡರಿಂಗ್ ನಡೆಯುವ ನನ್ನಂಥವನಿಗೆ ಆ ಮಿತಿ ಸಾಲದು. ಬಯೋಸ್‌ನಲ್ಲಿ, ಎಂದರೆ ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ, ಅದನ್ನು 110 ವಾಟ್‌ಗೆ ಏರಿಸಿದೆ. ಡಿಸೆಂಬರ್‌ನಲ್ಲಿ ಕೋಣೆ 24 ಡಿಗ್ರಿ ಇದ್ದಾಗ ಪ್ರೊಸೆಸರ್ 82ಕ್ಕೆ ನಿಂತಿತು. ಸಂತೋಷವಾಯಿತು. ಅದೇ ಯಂತ್ರ, ಅದೇ ಕೆಲಸ, 2022ರ ಏಪ್ರಿಲ್‌ನಲ್ಲಿ 95 ಡಿಗ್ರಿ ತೋರಿಸತೊಡಗಿತು. 95 ಈ ಪ್ರೊಸೆಸರಿನ ಗರಿಷ್ಠ ಮಿತಿ. ಅಲ್ಲಿ ಮುಟ್ಟಿದರೆ ಅದು ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. 4.5 ಗಿಗಾಹರ್ಟ್ಸ್ ಇದ್ದದ್ದು 4.3ರ ಆಸುಪಾಸಿಗೆ ಜಾರಿತು. ಕಾರ್ಖಾನೆಯ ಮಿತಿ ಮೀರಿ ಓಡಿಸುವ ಈ ಓವರ್‌ಕ್ಲಾಕಿಂಗ್‌ನಿಂದ ಗಳಿಸಿದ್ದೆಲ್ಲ ಬಿಸಿಲಿಗೆ ಹೋಯಿತು.

ಆಗ ತಂದದ್ದು ಆರ್ಕ್‌ಟಿಕ್ ಕಂಪನಿಯ ಎಂಎಕ್ಸ್-4 ಪೇಸ್ಟ್. ನಾಲ್ಕು ಗ್ರಾಂನ ಸಿರಿಂಜಿಗೆ ಆರುನೂರು ರೂಪಾಯಿಯ ಒಳಗೇ ಕೊಟ್ಟ ನೆನಪು.

ಹಳೆಯ ಕೂಲರ್ ಬಿಚ್ಚುವಾಗ ಒಂದು ಎಚ್ಚರ ಬೇಕು. ನನ್ನದರಂಥ ಎಎಂ4 ಸಾಕೆಟ್ಟಿನ ಪ್ರೊಸೆಸರುಗಳ ಅಡಿಯಲ್ಲಿ ಸೂಕ್ಷ್ಮವಾದ 1331 ಪಿನ್‌ಗಳಿವೆ. ಪೇಸ್ಟ್ ಅಂಟಿಕೊಂಡಿದ್ದರೆ ಕೂಲರ್ ಎತ್ತಿದಾಗ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತು ಮೇಲೆ ಬರುತ್ತದೆ, ಪಿನ್‌ಗಳು ಬಾಗುತ್ತವೆ. ನಾನು ಹತ್ತು ನಿಮಿಷ ಯಂತ್ರವನ್ನು ದುಡಿಸಿ ಬಿಸಿ ಮಾಡಿ, ಆಮೇಲೆ ಆರಿಸಿ, ವಿದ್ಯುತ್ ತಂತಿ ತೆಗೆದು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಸಡಿಲಿಸಿಕೊಂಡ ಮೇಲಷ್ಟೇ ಎತ್ತಿದೆ. ಮೊಬೈಲ್ ರಿಪೇರಿ ಅಂಗಡಿಯಿಂದ ತಂದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಎರಡೂ ಮೈಗಳನ್ನು ಹೊಳೆಯುವವರೆಗೆ ಒರೆಸಿದೆ. ಬಟಾಣಿ ಕಾಳಿನಷ್ಟು ಪೇಸ್ಟನ್ನು ನಡುವೆ ಇಟ್ಟು, ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿದೆ.

ಅಂದೇ ಸಂಜೆ, ಅದೇ 38 ಡಿಗ್ರಿ ಕೋಣೆಯಲ್ಲಿ, ಅದೇ 110 ವಾಟ್‌ನಲ್ಲಿ, ಪ್ರೊಸೆಸರ್ 88ಕ್ಕೆ ನಿಂತಿತು. ವೇಗ 4.5ರಿಂದ ಕದಲಲಿಲ್ಲ.

ಕೋಣೆಯ ಉಷ್ಣತೆಯನ್ನು ಕಳೆದು ಉಳಿಯುವ ಅಂತರವನ್ನೇ ನಾನು ಅಳತೆಗೆ ಇಟ್ಟುಕೊಂಡಿದ್ದೇನೆ. ಹಳೆಯ ಪೇಸ್ಟಿನಲ್ಲಿ, ಡಿಸೆಂಬರ್‌ನ ಅಳತೆಯಂತೆ, ಅದು 58 ಡಿಗ್ರಿ, ಹೊಸದರಲ್ಲಿ 50. ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು ಎಂದು ತಿಳಿಯಲು ಕಾಗದ ತೆಗೆದುಕೊಂಡು ಕುಳಿತೆ. ಪ್ರೊಸೆಸರಿನ ಲೋಹದ ಮುಚ್ಚಳ ಸುಮಾರು 16 ಚದರ ಸೆಂಟಿಮೀಟರ್. ತಯಾರಕರು ಎಂಎಕ್ಸ್-4ಕ್ಕೆ ಹೇಳುವ ಶಾಖವಾಹಕತೆ ಮೀಟರ್-ಕೆಲ್ವಿನ್‌ಗೆ 8.5 ವಾಟ್. ಅದು 0.05 ಮಿಲಿಮೀಟರ್ ದಪ್ಪಕ್ಕೆ ಹರಡಿದರೆ 110 ವಾಟ್‌ಗೆ ಅದರಲ್ಲಿ ಕಳೆಯುವುದು ಅರ್ಧ ಡಿಗ್ರಿಗೂ ಕಡಿಮೆ. ವಾಹಕತೆ 1ರಷ್ಟೇ ಇರುವ ಕಳಪೆ ಪೇಸ್ಟ್ ಎರಡು ಪಟ್ಟು ದಪ್ಪವಾಗಿ ಕುಳಿತರೆ ಸುಮಾರು 7 ಡಿಗ್ರಿ. ಆ ಲೆಕ್ಕವೂ ಶಾಖ ಇಡೀ ಮುಚ್ಚಳಕ್ಕೆ ಸಮನಾಗಿ ಹರಡುತ್ತದೆ ಎಂದುಕೊಂಡು ಮಾಡಿದ್ದು. ನಿಜದಲ್ಲಿ ಬಿಸಿಯ ಬಹುಪಾಲು ಹುಟ್ಟುವುದು ಮುಚ್ಚಳದ ಅಡಿಯಲ್ಲಿ, ನಡುವಿನಿಂದ ಸರಿದು ಕುಳಿತ 80 ಚದರ ಮಿಲಿಮೀಟರಿನ ಸಿಲಿಕಾನ್ ಚಿಪ್ಪಿನಲ್ಲಿ. ಅದರ ನೇರಕ್ಕೆ ಇರುವ ಪೇಸ್ಟಿನ ಮೇಲೆ ಹೊರೆ ಹೆಚ್ಚು. ಕೂಲರನ್ನು ಸಮನಾಗಿ ಒತ್ತಿ ಪದರವನ್ನು ತೆಳುವಾಗಿಸುವುದು ಪೇಸ್ಟಿನ ಗುಣದಷ್ಟೇ ಮುಖ್ಯ ಎಂದು ಈ ಲೆಕ್ಕದಿಂದಲೇ ನನಗೆ ಮನದಟ್ಟಾಯಿತು.

ಪೇಸ್ಟಿನ ಮಹತ್ವ ತಿಳಿಯಲು ಇಂಟೆಲ್‌ನ ಇತಿಹಾಸವೂ ಸಾಕು. 2012ರ ಐವಿ ಬ್ರಿಡ್ಜ್ ಪ್ರೊಸೆಸರುಗಳಲ್ಲಿ ಚಿಪ್ಪಿಗೂ ಮುಚ್ಚಳಕ್ಕೂ ನಡುವೆ ಬೆಸುಗೆಯ ಬದಲು ಪೇಸ್ಟ್ ಬಂತು. ಓವರ್‌ಕ್ಲಾಕಿಂಗ್ ಮಾಡುವವರು ಮುಚ್ಚಳವನ್ನೇ ಕಿತ್ತು ಒಳಗಿನ ಪೇಸ್ಟ್ ಬದಲಿಸತೊಡಗಿದರು. 2018ರ ಒಂಬತ್ತನೇ ಪೀಳಿಗೆಯಲ್ಲಿ ಕಂಪನಿ ಮತ್ತೆ ಬೆಸುಗೆಗೆ ಮರಳಿತು.

ಓವರ್‌ಕ್ಲಾಕಿಂಗ್ ಮಾಡುವವರಿಗೆ ಒಂದು ಮಾತು. ಇಂದಿನ ಪ್ರೊಸೆಸರುಗಳಲ್ಲಿ ಪೇಸ್ಟ್ ಬದಲಿಸಿದ ಮೇಲೂ ಉಷ್ಣತೆ ಇಳಿಯದಿದ್ದರೆ ನಿರಾಶರಾಗಬೇಡಿ. ವಿದ್ಯುತ್ ಮಿತಿಯನ್ನು ಪೂರ್ತಿ ತೆರೆದಿಟ್ಟಿದ್ದರೆ, ಸಿಕ್ಕ ತಂಪನ್ನು ಪ್ರೊಸೆಸರ್ ತಾನೇ ವೇಗವಾಗಿ ಖರ್ಚು ಮಾಡಿಬಿಡುತ್ತದೆ. ವಾಟ್ ಮಿತಿಯನ್ನು ಒಂದೇ ಕಡೆ ಕಟ್ಟಿಹಾಕಿ ಅಳೆದರೆ ಮಾತ್ರ ಪೇಸ್ಟಿನ ನಿಜಗುಣ ಕಾಣುತ್ತದೆ. ಪೇಸ್ಟಿನಿಂದ ಆಗದ ಕೆಲಸವೂ ಇದೆ. ಕೋರ್‌ಗಳ ವೋಲ್ಟೇಜ್ ತಗ್ಗಿಸಲು ಬಳಸುವ ಕರ್ವ್ ಆಪ್ಟಿಮೈಸರ್ ಎಂಬ ಸೆಟ್ಟಿಂಗ್‌ನಲ್ಲಿ ಎಲ್ಲ ಕೋರ್‌ಗಳಿಗೂ ಮೈನಸ್ 20 ಕೊಟ್ಟಾಗ ನನ್ನ ಯಂತ್ರ ರೆಂಡರಿಂಗ್ ವೇಳೆ ಸುಮ್ಮನಿದ್ದು, ಬ್ರೌಸರ್ ತೆರೆದು ಸುಮ್ಮನೆ ಕುಳಿತಾಗ ರೀಸ್ಟಾರ್ಟ್ ಆಗುತ್ತಿತ್ತು. ಅದು ಬಿಸಿಯ ತೊಂದರೆ ಅಲ್ಲ. ಹಗುರ ಕೆಲಸದಲ್ಲಿ ಒಂದೆರಡು ಕೋರ್‌ಗಳು 4.6ಕ್ಕೂ ಮೇಲೆ ಜಿಗಿಯುವಾಗ ವೋಲ್ಟೇಜ್ ಸಾಲದೆ ಹೋಗುವ ತೊಂದರೆ. ಅತ್ಯುತ್ತಮವಾದ ಎರಡು ಕೋರ್‌ಗಳನ್ನು ಮೈನಸ್ 10ಕ್ಕೆ ತಂದ ಮೇಲೆ ಸರಿಹೋಯಿತು.

ಈಗ ಬಾಳಿಕೆಯ ಮಾತು. ನಾನು ಇದನ್ನು ಬರೆಯಲು ಕುಳಿತದ್ದೇ ಅದಕ್ಕಾಗಿ. ತಮ್ಮನ ಬಳಿಯೂ ಇದೇ ಪ್ರೊಸೆಸರ್, ಇದೇ ಕೂಲರ್ ಇದೆ. ಅವನು ದುಬಾರಿಯಾದ, ಪೆಟ್ಟಿಗೆಯ ಮೇಲೆ ಶಾಖವಾಹಕತೆಯ ಇನ್ನೂ ದೊಡ್ಡ ಸಂಖ್ಯೆ ಬರೆದ ಬೇರೊಂದು ಪೇಸ್ಟ್ ತಂದ. ಮೊದಲ ವಾರ ಅವನ ಅಂತರ 48, ನನಗಿಂತ ಎರಡು ಡಿಗ್ರಿ ಕಡಿಮೆ. ಮುಂದಿನ ಬೇಸಿಗೆಗೆ 55. ಬಿಚ್ಚಿ ನೋಡಿದರೆ ಪೇಸ್ಟ್ ಅಂಚುಗಳಿಗೆ ಸರಿದು, ಚಿಪ್ಪಿನ ನೇರಕ್ಕೆ ಲೋಹ ಬರಿದಾಗಿ ಕಾಣುತ್ತಿತ್ತು. ದಿನಕ್ಕೆ ಹಲವು ಬಾರಿ ಕಾದು ಆರುವಾಗ ಲೋಹಗಳು ಹಿಗ್ಗಿ ಕುಗ್ಗಿ, ನಡುವಿನ ಪೇಸ್ಟನ್ನು ಸ್ವಲ್ಪ ಸ್ವಲ್ಪವೇ ಹೊರಗೆ ತಳ್ಳುತ್ತವೆ. ಮೊದಲ ದಿನದ ಎರಡು ಡಿಗ್ರಿಗಾಗಿ ಹೆಚ್ಚು ಹಣ ಕೊಡುವುದನ್ನು ಅಂದಿನಿಂದ ನಾನು ಯಾರಿಗೂ ಹೇಳುವುದಿಲ್ಲ. ಪೇಸ್ಟಿನ ಬದಲು ಹಚ್ಚುವ ದ್ರವಲೋಹದ ಆಸೆಯನ್ನೂ ಬಿಟ್ಟಿದ್ದೇನೆ. ಅದರಲ್ಲಿರುವ ಗ್ಯಾಲಿಯಂ ಅಲ್ಯುಮಿನಿಯಂ ಅನ್ನು ತಿಂದುಹಾಕುತ್ತದೆ, ವಿದ್ಯುತ್ತನ್ನೂ ಹರಿಸುತ್ತದೆ. ಒಂದು ಹನಿ ಮದರ್‌ಬೋರ್ಡಿಗೆ ಬಿದ್ದರೆ ನನ್ನ ದುಡಿಮೆ ನಿಲ್ಲುತ್ತದೆ.

ಎಂಎಕ್ಸ್-4ರ ಅಂತರ 2023ರ ಮೇಯಲ್ಲಿ 51, 2024ರಲ್ಲೂ 51. ಕಳೆದ ವರ್ಷ, 2025ರ ಮೇಯಲ್ಲಿ ಒಮ್ಮೆಗೇ 54 ಕಂಡಾಗ ಪೇಸ್ಟಿನ ಆಯುಷ್ಯ ಮುಗಿಯಿತೆಂದು ಹೊಸ ಸಿರಿಂಜಿಗೆ ಹಣ ಕಟ್ಟುವವನಿದ್ದೆ. ಅದಕ್ಕೆ ಮೊದಲು ಕೂಲರಿನ ಫ್ಯಾನ್ ತೆಗೆದು ನೋಡಿದೆ. ಕೂಲರಿನ ಲೋಹದ ರೆಕ್ಕೆಗಳ ನಡುವೆ ಹತ್ತಿಯಂತೆ ಧೂಳು ಮೆತ್ತಿಕೊಂಡಿತ್ತು. ನಮ್ಮದು ತೊಗರಿಯ ನಾಡು, ರಾಶಿಯ ಕಾಲದಲ್ಲಿ ಹೊಟ್ಟಿನ ಧೂಳು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಬ್ಲೋವರ್ ಹಿಡಿದು ಊದಿದ ಮೇಲೆ ಅಂತರ 51.5ಕ್ಕೆ ಬಂತು. ಮೂರು ವರ್ಷದಲ್ಲಿ ಪೇಸ್ಟ್ ಕಳೆದುಕೊಂಡದ್ದು ಒಂದೂವರೆ ಡಿಗ್ರಿ.

ಹಳೆಯ ಸಿರಿಂಜಿನಲ್ಲಿ ಮುಕ್ಕಾಲು ಭಾಗ ಹಾಗೆಯೇ ಉಳಿದಿತ್ತು. ಮುಚ್ಚಳವನ್ನು ಬಿಗಿಯಾಗಿ ಹಾಕಿಟ್ಟಿದ್ದರಿಂದ ಒಣಗಿರಲಿಲ್ಲ. ಅದನ್ನೇ ತಮ್ಮನ ಯಂತ್ರಕ್ಕೂ ಹಚ್ಚಿದೆ. ಅವನ ಅಂತರ ಈಗ 50.